ಮನೆಯಂಗಳಕ್ಕೆ ಯಾವ ಗಿಡ ಒಳ್ಳೆಯದು? ವಾಟ್ಸಾಪ್ ಫಾರ್ವರ್ಡ್‌ಗಳು ಹೇಳುವುದರಲ್ಲಿ ನಿಜವೆಷ್ಟು?

"ನಿಮ್ಮ ಮನೆಯಲ್ಲಿ ಈ ಗಿಡ ಇದೆಯೇ? ಕೂಡಲೇ ಕಿತ್ತೆಸೆಯಿರಿ. ಎಲೆ ಬಾಯಿಗೆ ಹೋದರೆ ಮಗು ಒಂದೇ ನಿಮಿಷದಲ್ಲಿ, ದೊಡ್ಡವರು ಹದಿನೈದು ನಿಮಿಷದಲ್ಲಿ ಸಾಯುತ್ತಾರೆ." ಅಗಲವಾದ ಹಸಿರು ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ ಡಿಫೆನ್‌ಬಾಕಿಯಾ ಗಿಡದ ಫೋಟೊ ಹಾಕಿದ ಈ ಸಂದೇಶ ಹಲವು ವರ್ಷಗಳಿಂದ ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇದೆ. ನಿಮಗೂ ಒಮ್ಮೆಯಾದರೂ ಬಂದಿರುತ್ತದೆ.

ಇದರಲ್ಲಿ ಸ್ವಲ್ಪ ನಿಜವಿದೆ, ಬಹುಪಾಲು ಉತ್ಪ್ರೇಕ್ಷೆ. ಡಿಫೆನ್‌ಬಾಕಿಯಾದ ಎಲೆ ಮತ್ತು ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಸಣ್ಣ ಹರಳುಗಳಿವೆ. ಕೆಸುವಿನ ಎಲೆಯನ್ನು ಸರಿಯಾಗಿ ಬೇಯಿಸದೆ ತಿಂದರೆ ಗಂಟಲು ತುರಿಸುತ್ತದಲ್ಲ, ಅದೇ ಹರಳು ಇಲ್ಲಿಯೂ ಇದೆ. ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ. ಮಗುವಿನ ಬಾಯಿ ಒರೆಸಿ, ತಣ್ಣೀರು ಅಥವಾ ತಣ್ಣನೆಯ ಹಾಲು ಕುಡಿಸಬೇಕು. ಊತ ಹೆಚ್ಚಾಗಿ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದರೆ ಒಂದು ನಿಮಿಷದಲ್ಲಿ ಸಾವು ಎಂಬುದು ಕಟ್ಟುಕಥೆ. ಮನಿ ಪ್ಲಾಂಟ್‌ನಲ್ಲಿಯೂ ಇದೇ ಬಗೆಯ ಹರಳುಗಳಿವೆ, ಅದರ ಬಗ್ಗೆ ಯಾರೂ ಮೆಸೇಜು ಕಳಿಸುವುದಿಲ್ಲ.

ಈ ಸಂದೇಶ ನಂಬಿ ಡಿಫೆನ್‌ಬಾಕಿಯಾ ಕುಂಡವನ್ನು ತಿಪ್ಪೆಗೆ ಹಾಕುವ ಅದೇ ಮನೆಯ ಗೇಟಿನ ಪಕ್ಕದಲ್ಲಿ ಆಳೆತ್ತರದ ಕಣಗಿಲೆ ಹೂ ಬಿಟ್ಟು ನಿಂತಿರುತ್ತದೆ. ಯೋಚಿಸಬೇಕಾದದ್ದು ಅದರ ಬಗ್ಗೆ.

ಕಣಗಿಲೆ: ಚಂದ ನಿಜ, ವಿಷವೂ ನಿಜ

ಚಿತ್ರದುರ್ಗ ಜಿಲ್ಲೆಯಲ್ಲಿ ಕಣಗಿಲೆ ಇಷ್ಟೊಂದು ಕಾಣಲು ಕಾರಣವಿದೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಿಂದ ಹಿಡಿದು ಹಿರಿಯೂರು, ಹೊಸದುರ್ಗದವರೆಗೆ ಇದು ಮಳೆ ಕಡಿಮೆಯ ಸೀಮೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುತ್ತದೆ, ಆಷಾಢದಲ್ಲಿ ಬೀಸುವ ಒಣಗಾಳಿಗೆ ಎಳೆಯ ಗಿಡಗಳು ಸೊರಗುತ್ತವೆ. (ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದು ಸುಮ್ಮನೆ ಅಲ್ಲ.) ಇಂಥಲ್ಲಿ ತಿಂಗಳುಗಟ್ಟಲೆ ನೀರಿಲ್ಲದಿದ್ದರೂ ಹೂ ಬಿಡುವ ಗಿಡ ಎಂದರೆ ಯಾರಿಗೆ ಬೇಡ? ದನ, ಕುರಿ, ಮೇಕೆ ಕೂಡ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಗಳ ನಡುಪಟ್ಟಿಗೆ ಇದನ್ನು ಆರಿಸುವುದೂ ಇದಕ್ಕೇ. "ಕಣಗಿಲೆ ಮಾತ್ರ ವಾಹನಗಳ ಹೊಗೆಯನ್ನೆಲ್ಲ ಹೀರುತ್ತದೆ, ಅದಕ್ಕೇ ನೆಟ್ಟಿದ್ದಾರೆ" ಎಂಬ ಫಾರ್ವರ್ಡ್ ಬಂದರೆ ಇಷ್ಟು ನೆನಪಿಡಿ: ನೀರು ಕಡಿಮೆ ಸಾಕು, ದನ ಮೇಯುವುದಿಲ್ಲ, ಎದುರಿನ ವಾಹನದ ಬೆಳಕಿಗೆ ಮರೆಯಾಗುತ್ತದೆ. ಮುಖ್ಯ ಕಾರಣಗಳು ಇವು.

ದನ ಏಕೆ ಮೇಯುವುದಿಲ್ಲ ಎಂಬುದರಲ್ಲೇ ಎಚ್ಚರಿಕೆಯೂ ಇದೆ. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲದರಲ್ಲೂ ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳಿವೆ. ಹಳದಿ ಹೂವಿನ, ಗಂಟೆಯಾಕಾರದ ಹೂ ಬಿಡುವ ಹಳದಿ ಕಣಗಿಲೆ ಬೇರೆ ಜಾತಿಯ ಗಿಡ, ಆದರೆ ವಿಷ ಅದೇ ಬಗೆಯದು. ಅದರ ಬೀಜವಂತೂ ಇನ್ನೂ ಅಪಾಯಕಾರಿ. ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆ ಕಾರಣವಿರಬಹುದೆಂಬ ಶಂಕೆ ಎದ್ದ ಮೇಲೆ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇವಸ್ಥಾನಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂ ಬಳಸುವುದನ್ನು ನಿಲ್ಲಿಸಿತು.

ಹಾಗಾದರೆ ಕಿತ್ತುಹಾಕಬೇಕೆ? ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಪುಟ್ಟ ಮಕ್ಕಳಿದ್ದರೆ, ಅಥವಾ ಕಟ್ಟಿಹಾಕಿದ ಕುರಿ ಮೇಕೆಗಳಿಗೆ ಸೊಪ್ಪು ಕಡಿದು ಹಾಕುವ ಅಭ್ಯಾಸವಿದ್ದರೆ, ಅಂಗಳದಲ್ಲಿ ಅದು ಬೇಡ ಎಂಬುದೇ ನಮ್ಮ ಸಲಹೆ. ಹಸಿ ಎಲೆಯನ್ನು ಮುಟ್ಟದ ಮೇಕೆ, ಬೇರೆ ಸೊಪ್ಪಿನ ಜೊತೆ ಬೆರೆತ ಒಣ ಎಲೆಯನ್ನು ತಿಂದುಬಿಡುತ್ತದೆ, ಒಣಗಿದರೂ ವಿಷ ಹೋಗುವುದಿಲ್ಲ. ದೊಡ್ಡವರಷ್ಟೇ ಇರುವ ಮನೆಯಲ್ಲಿ ಬೇಲಿ ಸಾಲಿಗೆ ಇರಲಿ. ಕತ್ತರಿಸಿದ ಕಡ್ಡಿಯನ್ನು ಒಲೆಗೆ ಹಾಕಬೇಡಿ, ಹೊಗೆಯೂ ಒಳ್ಳೆಯದಲ್ಲ. ಪೂಜೆಗೆ ಬಿಡಿಸಿದ ಮೇಲೆ ಕೈ ತೊಳೆಯಿರಿ, ತೀರ್ಥಕ್ಕೆ ಹಾಕಬೇಡಿ. ಯಾರಾದರೂ ತಿಂದಿದ್ದಾರೆ ಎಂದು ಅನುಮಾನ ಬಂದರೆ ವಾಂತಿ ಮಾಡಿಸುವ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಗಿಡದ ಒಂದು ಎಲೆಯನ್ನೋ ಫೋಟೊವನ್ನೋ ಜೊತೆಗೆ ತೆಗೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ಅದೇ ಜಾಗಕ್ಕೆ ಬೇರೆ ಏನು ಹಾಕಬಹುದು? ಬಿಸಿಲು, ಬರ ಎರಡನ್ನೂ ತಡೆಯುವುದರಲ್ಲಿ ಕಾಗದದ ಹೂ ಕಣಗಿಲೆಗೆ ಸಮ. ಅದಕ್ಕೆ ನೀರು ಹೆಚ್ಚಾದರೇ ಹೂ ಕಡಿಮೆ. ದಾಸವಾಳಕ್ಕೆ ಸ್ವಲ್ಪ ಹೆಚ್ಚು ನೀರು ಬೇಕು, ಆದರೆ ವರ್ಷವಿಡೀ ಹೂ. ಅರ್ಧ ನೆರಳಿರುವ ಕಡೆ ಕನಕಾಂಬರ ಹಾಕಿ. ಮಲ್ಲಿಗೆಗೆ ಮಾತ್ರ ಪೂರ್ತಿ ಬಿಸಿಲಿರಲಿ, ನವೆಂಬರ್ ಕೊನೆಯಲ್ಲಿ ಸವರಿದರೆ ಬೇಸಿಗೆ ಹೊತ್ತಿಗೆ ಮೊಗ್ಗು ತುಂಬುತ್ತದೆ. ಬಣ್ಣಬಣ್ಣದ ಗೊಂಚಲಿಗೆ ಮನಸೋತು ಲಂಟಾನ ಮಾತ್ರ ತರಬೇಡಿ. ಅದು ಕಳೆಯಾಗಿ ಹಬ್ಬುತ್ತದೆ, ಮೇಯ್ದ ದನ ಕುರಿಗಳ ಯಕೃತ್ತನ್ನು ಕೆಡಿಸುತ್ತದೆ. ಬೇಗ ಬೆಳೆದು ಗೋಡೆಯಂತಾಗುತ್ತದೆಂದು ನರ್ಸರಿಯವರು ಕೊಡುವ ಕೊನೊಕಾರ್ಪಸ್ ಕೂಡ ಬೇಡ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ತುಳಸಿ, ಹಾವಿನ ಗಿಡ ರಾತ್ರಿಯೂ ಆಮ್ಲಜನಕ ಕೊಡುತ್ತವೆಯೇ?

ಇಲ್ಲ. ಸಸ್ಯಗಳು ಆಮ್ಲಜನಕ ಬಿಡುವುದು ನೀರಿನ ಅಣುವನ್ನು ಒಡೆಯುವಾಗ, ಅದಕ್ಕೆ ಬೆಳಕು ಬೇಕೇ ಬೇಕು. ರಾತ್ರಿ ಎಲ್ಲ ಗಿಡಗಳೂ ನಮ್ಮ ಹಾಗೆಯೇ ಉಸಿರಾಡುತ್ತವೆ. ಲೋಳೆಸರ, ಸ್ನೇಕ್ ಪ್ಲಾಂಟ್, ಪಾಪಾಸುಕಳ್ಳಿಗಳಿಗೆ ಒಂದು ವಿಶೇಷ ಗುಣವಿದೆ. ಹಗಲು ಬಿಸಿಲಿಗೆ ನೀರು ಆವಿಯಾಗದಿರಲೆಂದು ಅವು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಇದನ್ನೇ ಯಾರೋ "ರಾತ್ರಿ ಆಮ್ಲಜನಕ ಬಿಡುತ್ತದೆ" ಎಂದು ತಿರುಗಿಸಿದ್ದಾರೆ. ತುಳಸಿಗೆ ಈ ಗುಣವೂ ಇಲ್ಲ. ತುಳಸಿ ಓಜೋನ್ ಬಿಡುತ್ತದೆ ಎಂಬುದು ಇನ್ನೊಂದು ಸುಳ್ಳು, ನೆಲಮಟ್ಟದಲ್ಲಿ ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

"ನಾಸಾ ಹೇಳಿದೆ" ಎಂಬ ಮಾತಿಗೂ ಮೂಲವಿದೆ. 1989ರಲ್ಲಿ ನಾಸಾ ಸಣ್ಣ, ಗಾಳಿಯಾಡದ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು, ಅವು ಕೆಲವು ವಿಷಾನಿಲಗಳನ್ನು ಕಡಿಮೆ ಮಾಡುವುದನ್ನು ತೋರಿಸಿತ್ತು. ನಮ್ಮ ಮನೆ ಪೆಟ್ಟಿಗೆಯಲ್ಲ, ಕಿಟಕಿ ಬಾಗಿಲುಗಳಿಂದ ಗಾಳಿ ಬದಲಾಗುತ್ತಲೇ ಇರುತ್ತದೆ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಸಂಶೋಧಕರು, ಕಿಟಕಿಯ ಗಾಳಿ ಮಾಡುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಲೆಕ್ಕ ಹಾಕಿದ್ದಾರೆ. ಕಿಟಕಿ ತೆರೆಯುವುದೇ ಸುಲಭ. ತುಳಸಿ ನೆಡಲು ಇರುವ ಕಾರಣಗಳು ಬೇರೆಯೇ ಇವೆ, ಅವಕ್ಕೆ ಆಮ್ಲಜನಕದ ಸುಳ್ಳು ಬೇಕಿಲ್ಲ.

ಸೊಳ್ಳೆ ಓಡಿಸುವ ಗಿಡ, ಸೊಳ್ಳೆ ಸಾಕುವ ತಟ್ಟೆ

ಮಜ್ಜಿಗೆ ಹುಲ್ಲು, ಚೆಂಡುಹೂ, ತುಳಸಿ, ದೊಡ್ಡಪತ್ರೆ ಬಾಗಿಲ ಬಳಿ ಇದ್ದರೆ ಸೊಳ್ಳೆ ಬರುವುದಿಲ್ಲ ಎನ್ನುತ್ತಾರೆ. ಈ ಜಾತಿಯ ಕೆಲವು ಹುಲ್ಲುಗಳಿಂದ ಬಟ್ಟಿ ಇಳಿಸಿದ ಎಣ್ಣೆಯನ್ನು ಮೈಗೆ ಹಚ್ಚಿದರೆ ಸ್ವಲ್ಪ ಹೊತ್ತು ಸೊಳ್ಳೆ ದೂರವಿರುತ್ತದೆ, ಅದು ನಿಜ. ಕುಂಡದಲ್ಲಿ ಸುಮ್ಮನೆ ನಿಂತ ಗಿಡ ಆ ಪ್ರಮಾಣದ ಎಣ್ಣೆಯನ್ನು ಗಾಳಿಗೆ ಬಿಡುವುದಿಲ್ಲ.

ಆದರೆ ಅದೇ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೇಳಿಮಾಡಿಸಿದ ಜಾಗ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಮನಿ ಪ್ಲಾಂಟ್ ಇಟ್ಟ ಬಾಟಲಿ, ಗಿಡಕ್ಕೆಂದು ನೀರು ತುಂಬಿಟ್ಟ ಡ್ರಮ್ಮು, ಎಳನೀರಿನ ಚಿಪ್ಪು, ಅಡಿಕೆ ಹಾಳೆ ಎಲ್ಲವೂ ಇದೇ ಲೆಕ್ಕ. ತಟ್ಟೆಯ ನೀರು ಚೆಲ್ಲಿದರಷ್ಟೇ ಸಾಲದು, ಈ ಸೊಳ್ಳೆ ಮೊಟ್ಟೆಗಳನ್ನು ಪಾತ್ರೆಯ ಅಂಚಿಗೆ ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಡೆಂಗಿ ಹೆಚ್ಚಿದ 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವ ಮನೆಯವರಿಗೂ ದಂಡ ಹಾಕುವ ನಿಯಮ ತಂದಿದೆ. ತಟ್ಟೆಯಲ್ಲಿ ಮರಳು ತುಂಬಿಟ್ಟರೆ ಸೊಳ್ಳೆಗೆ ನೀರು ಸಿಗುವುದಿಲ್ಲ, ನೆಲವೂ ಕೊಳೆಯಾಗುವುದಿಲ್ಲ.

ಹಾವಿನ ವಿಷಯವೂ ಹೀಗೆಯೇ. ಮಲ್ಲಿಗೆ, ಸಂಪಿಗೆ, ಕೇದಗೆಯ ಪರಿಮಳಕ್ಕೆ ಹಾವು ಬರುವುದಿಲ್ಲ. ಇಲಿ, ಕಪ್ಪೆ, ಓತಿಕ್ಯಾತ ಇರುವ ಕಡೆ, ಅಡಗಲು ತಂಪು ಜಾಗ ಇರುವ ಕಡೆ ಬರುತ್ತದೆ. ನೆಲಕ್ಕೆ ತಾಗುವ ದಟ್ಟ ಪೊದೆ ಯಾವ ಹೂವಿನದಾದರೂ ಒಂದೇ. ಪೊದೆಯ ಬುಡವನ್ನು ಒಂದಡಿ ಎತ್ತರದವರೆಗೆ ಸವರಿ, ಸೌದೆ, ಕಲ್ಲು, ತೆಂಗಿನಕಾಯಿ ರಾಶಿಯನ್ನು ಗೋಡೆಯಿಂದ ದೂರವಿಡಿ. ಹಾವು ಓಡಿಸುತ್ತದೆಂದು ಈಶ್ವರಿ ಬಳ್ಳಿ ನೆಡುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಹಾವು ಕಚ್ಚಿದರೆ ಅದರ ಬೇರು ಅರೆದು ಕುಡಿಸುವುದಂತೂ ಎರಡು ಪಟ್ಟು ತಪ್ಪು: ಆಸ್ಪತ್ರೆಗೆ ತಡವಾಗುತ್ತದೆ, ಮತ್ತು ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುವ, ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಹಾವಿನ ವಿಷಕ್ಕೆ ಔಷಧ ಒಂದೇ, ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ.

ಅಂಗಳದ ಔಷಧಿ ಗಿಡಗಳು

ದೊಡ್ಡಪತ್ರೆ ತಂಬುಳಿ, ಪುದೀನ ಚಟ್ನಿ, ಒಂದೆಲಗ, ಕರಿಬೇವು, ಮಜ್ಜಿಗೆ ಹುಲ್ಲಿನ ಕಷಾಯ: ಇವು ಅಡುಗೆಯ ಭಾಗ, ಧಾರಾಳವಾಗಿ ಬೆಳೆಸಿ. ಒಂದು ತುಂಡು ಕಡ್ಡಿ ನೆಟ್ಟರೂ ದೊಡ್ಡಪತ್ರೆ ಬರುತ್ತದೆ, ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ.

ಕಷ್ಟ ಶುರುವಾಗುವುದು ಇನ್ಸುಲಿನ್ ಗಿಡ, ನಿತ್ಯಪುಷ್ಪಗಳಿಂದ. "ದಿನಕ್ಕೊಂದು ಇನ್ಸುಲಿನ್ ಎಲೆ ತಿಂದರೆ ಶುಗರ್ ಮಾತ್ರೆ ಬಿಡಬಹುದು" ಎಂಬ ಸಂದೇಶ ನಂಬಿ ಮಾತ್ರೆ ಬಿಟ್ಟರೆ ಅಪಾಯ ಖಂಡಿತ. ಆ ಎಲೆಯಲ್ಲಿ ಇನ್ಸುಲಿನ್ ಇಲ್ಲ, ಅದು ಬರೀ ಹೆಸರು. ಮಾತ್ರೆಯ ಬದಲಿಗೆ ಅದು ಸಾಕು ಎಂದು ತೋರಿಸುವ ಗಟ್ಟಿಯಾದ ಪುರಾವೆ ಇಲ್ಲ. ನಿತ್ಯಪುಷ್ಪದ ಕಥೆ ಇನ್ನೂ ಸೂಕ್ಷ್ಮ. ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಔಷಧಗಳು ನಿಜಕ್ಕೂ ಈ ಗಿಡದಿಂದಲೇ ಸಿಕ್ಕವು. ಆದರೆ ಅವು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳಕ್ಕೆ ಕೊಡುವ ಕಟುವಾದ ಮದ್ದುಗಳು. ಅದೇ ಕಾರಣಕ್ಕೆ ಹೂವನ್ನೋ ಎಲೆಯನ್ನೋ ಬಿಸಿನೀರಿಗೆ ಹಾಕಿ ಕುಡಿಯಬಾರದು. ಬರ ತಡೆಯುವ, ಬಿಸಿಲಲ್ಲೂ ನಗುವ ಅಲಂಕಾರದ ಗಿಡವಾಗಿ ನಿತ್ಯಪುಷ್ಪಕ್ಕೆ ನೂರಕ್ಕೆ ನೂರು ಅಂಕ, ಔಷಧಿಯಾಗಿ ಅಲ್ಲ.

ಅಮೃತಬಳ್ಳಿಯ ಬಗ್ಗೆ ಒಂದೇ ಮಾತು. ಕೋವಿಡ್ ಕಾಲದಲ್ಲಿ ದಿನವೂ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ರೀತಿ ಕಾಣುವ ಬೇರೆ ಬಳ್ಳಿಯಿದ್ದಿರಬಹುದು ಎಂದಿತು. ಎರಡರಲ್ಲಿ ಯಾವುದು ಸರಿಯಾದರೂ, ಗುರುತು ಖಚಿತವಿಲ್ಲದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಬಾರದು ಎಂಬುದು ಬದಲಾಗುವುದಿಲ್ಲ.

ತರಕಾರಿಗೆ ತಿಂಗಳು ಮುಖ್ಯ

ಏಪ್ರಿಲ್‌ನಲ್ಲಿ ಟೊಮೆಟೊ ಗಿಡ ಮೊಣಕಾಲೆತ್ತರ ಬೆಳೆದು, ಹೂ ಬಿಟ್ಟು, ಹೂವೆಲ್ಲ ಉದುರುತ್ತದೆ. ಆಗ ಎಪ್ಸಮ್ ಉಪ್ಪು ಹಾಕಿ, ಹಾಲು ಸಿಂಪಡಿಸಿ ಎಂಬ ವಿಡಿಯೊಗಳು ಬರುತ್ತವೆ. ಕಾರಣ ಉಪ್ಪಿನದಲ್ಲ, ಬಿಸಿಲಿನದು. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಟೊಮೆಟೊ, ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿಗಳನ್ನು ಅಕ್ಟೋಬರಿನಿಂದ ಜನವರಿವರೆಗಿನ ಕಾಲಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕೊತ್ತಂಬರಿ ಹಾಕಿದರೆ ಎಲೆಗಿಂತ ಮೊದಲೇ ಹೂ ಬಂದುಬಿಡುತ್ತದೆ. ಬೇಸಿಗೆಗೆ ಬೆಂಡೆ, ಗೋರಿಕಾಯಿ, ದಂಟು, ಬಸಳೆ, ತೊಂಡೆ ಇವೆ. ನುಗ್ಗೆ ಒಮ್ಮೆ ಬೇರೂರಿದರೆ ನೀರು ಕೇಳುವುದೇ ಇಲ್ಲ. ಸೋರೆ, ಹೀರೆ, ಚಪ್ಪರದವರೆಗಳನ್ನು ಮುಂಗಾರಿನಲ್ಲಿ ಹಾಕಿ, ಗಾಳಿಗೆ ಚಪ್ಪರ ಗಟ್ಟಿಯಿರಲಿ.

ಅಂಗಡಿಯ ಕೊತ್ತಂಬರಿ ಬೀಜವನ್ನು ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು ಎಂಬ ಅಜ್ಜಿಯರ ಮಾತು ಸರಿ, ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಮೊಳೆಯಲು ಹತ್ತು ದಿನವಾದರೂ ಕಾಯಬೇಕು, ನಾಲ್ಕನೇ ದಿನಕ್ಕೆ ಮಣ್ಣು ಕೆದಕಿ ನೋಡಬೇಡಿ.

ಬೆಂಡೆ ಎಲೆಯ ನರಗಳು ಹಳದಿಯಾಗುವ ನಂಜು ರೋಗ ನಮ್ಮಲ್ಲಿ ಸಾಮಾನ್ಯ, ಬಿಳಿ ನೊಣ ಹರಡುವ ವೈರಸ್ ಇದಕ್ಕೆ ಕಾರಣ. ಅರಿಶಿನದ ನೀರು, ಮಜ್ಜಿಗೆ ಯಾವುದೂ ವಾಸಿ ಮಾಡುವುದಿಲ್ಲ, ಗಿಡವನ್ನು ಕಿತ್ತು ಸುಡುವುದೇ ದಾರಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಈ ರೋಗವನ್ನು ತಾಳಿಕೊಳ್ಳಲೆಂದೇ ರೂಪಿಸಿದ ತಳಿ, ಅದರ ಬೀಜವನ್ನು ನೀವೇ ಉಳಿಸಿಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗಗಳನ್ನು ತಡೆಯುತ್ತದೆ, ಆದರೆ ಅದು ಹೈಬ್ರಿಡ್. ಹಣ್ಣಿನ ಬೀಜ ತೆಗೆದು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಚೆಂಡುಹೂ ತರಕಾರಿಯ ಹುಳು ತಡೆಯುತ್ತದೆ ಎಂಬ ಫಾರ್ವರ್ಡ್ ಮಾತ್ರ ಅರ್ಧಕ್ಕಿಂತ ಹೆಚ್ಚು ನಿಜ. ಟೊಮೆಟೊದ ಕಾಯಿಕೊರಕದ ಪತಂಗ ಚೆಂಡುಹೂವಿನ ಮೇಲೆ ಮೊಟ್ಟೆಯಿಡಲು ಇಷ್ಟಪಡುತ್ತದೆ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ಎಂದು ಹೆಸರಘಟ್ಟದ ಸಂಸ್ಥೆಯೇ ರೈತರಿಗೆ ಹೇಳುತ್ತದೆ, ಎರಡೂ ಒಟ್ಟಿಗೆ ಹೂ ಬಿಡುವಂತೆ ಚೆಂಡುಹೂವಿನ ಸಸಿ ಹೆಚ್ಚು ಬಲಿತಿರಬೇಕು. ಅದರ ಬೇರಿನ ರಸ ಮಣ್ಣಿನ ಜಂತುಹುಳುಗಳನ್ನೂ ತಗ್ಗಿಸುತ್ತದೆ. ಜಂತುಹುಳುವಿಗೆ ಬೇಗ ಸೋಲುವ ಕನಕಾಂಬರವನ್ನು ನೆಡುವ ಮೊದಲು ಆ ಮಡಿಯಲ್ಲಿ ಒಂದು ಬೆಳೆ ಚೆಂಡುಹೂ ತೆಗೆದರೆ ಒಳ್ಳೆಯದು.

ಸೇವಂತಿಗೆ ಹೂ ಬಿಡದಿದ್ದರೆ

ಸೇವಂತಿಗೆಗೆ ಹೆಸರಾದ ಜಿಲ್ಲೆಯಲ್ಲೇ "ನಮ್ಮ ಕುಂಡದ ಸೇವಂತಿಗೆ ದಸರಾ ದೀಪಾವಳಿ ಹೋದರೂ ಮೊಗ್ಗಿಲ್ಲ, ದೃಷ್ಟಿಯಾಗಿದೆ" ಎನ್ನುವವರಿದ್ದಾರೆ. ಕುಂಡದ ಮೇಲೆ ಬೀದಿದೀಪವೋ ಪಡಸಾಲೆಯ ಬಲ್ಬೋ ರಾತ್ರಿಯಿಡೀ ಉರಿಯುತ್ತಿದೆಯೇ ನೋಡಿ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಬೆಳಕು ಬಿದ್ದರೆ ಅದಕ್ಕೆ ಇನ್ನೂ ರಾತ್ರಿ ಚಿಕ್ಕದೇ. ಬೆಂಗಳೂರಿನ ಸುತ್ತಮುತ್ತ ಸೇವಂತಿಗೆ ಹೊಲಗಳಲ್ಲಿ ಸಾಲು ಬಲ್ಬು ಕಟ್ಟಿ ರಾತ್ರಿ ಬೆಳಗಿಸುವುದು ಇದೇ ಕಾರಣಕ್ಕೆ. ಹೂ ಬೇಗ ಬರದೆ ಗಿಡ ಮೊದಲು ಬಲಿಯಲಿ ಎಂದು. ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿ.

ಮೊಟ್ಟೆಚಿಪ್ಪು, ಬೋರ್‌ವೆಲ್ ನೀರು

ದಾಸವಾಳ, ಗುಲಾಬಿಗಳ ಹೊಸ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿಯುವುದನ್ನು ನಮ್ಮ ಕಡೆ ಎಷ್ಟೋ ಅಂಗಳಗಳಲ್ಲಿ ನೋಡಬಹುದು. ಮೊಟ್ಟೆಚಿಪ್ಪು ಪುಡಿ ಹಾಕಿ ಎಂಬುದು ಮೊಬೈಲಿನ ಸಲಹೆ. ಇಲ್ಲಿ ಅದು ತಿರುಗುಬಾಣ. ಇದು ಕಬ್ಬಿಣದ ಕೊರತೆಯ ಲಕ್ಷಣ. ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ಹಾಕಿ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದಾಗ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮೊಟ್ಟೆಚಿಪ್ಪು ಎಂದರೆ ಇನ್ನಷ್ಟು ಸುಣ್ಣ. ಬದಲಿಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಎರಡು ವಾರದಲ್ಲಿ ಹೊಸ ಎಲೆ ಹಸಿರಾಗಿ ಬರುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದು ಕುಂಡಗಳಿಗೆ ಧಾರಾಳವಾಗಿ ಹಾಕಿದರೆ ಕೂಡಿದ ಉಪ್ಪು ತೊಳೆದುಹೋಗುತ್ತದೆ. ಹಳೆಯ ಎಲೆಗಳು ಮೊದಲು ಹಳದಿಯಾದರೆ ಅದು ಬೇರೆ, ಗೊಬ್ಬರ ಸಾಲದು ಎಂದು ಅರ್ಥ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಣಗುವುದಕ್ಕೂ ಮೊಟ್ಟೆಚಿಪ್ಪೇ ಮದ್ದು ಎನ್ನುತ್ತಾರೆ. ಅದು ಕ್ಯಾಲ್ಸಿಯಂ ಕಾಯಿಗೆ ತಲುಪದ ಸಮಸ್ಯೆ ಹೌದು, ಆದರೆ ಹೆಚ್ಚಾಗಿ ಎರಡು ದಿನ ಒಣಗಿಸಿ ಮೂರನೇ ದಿನ ಕೊಡ ಸುರಿಯುವುದರಿಂದ ಆಗುವಂಥದ್ದು. ದಿನವೂ ಸ್ವಲ್ಪ ಸ್ವಲ್ಪ ಕೊಡಿ. ಬುಡಕ್ಕೆ ತೆಂಗಿನ ನಾರು, ಅಡಿಕೆ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ನಿಮ್ಮೂರಲ್ಲಿ ಯಾವುದು ಸುಲಭವಾಗಿ ಸಿಗುತ್ತದೋ ಅದನ್ನು ಎರಡು ಇಂಚು ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಕೆಂಪು ಮಣ್ಣಿನಲ್ಲಿ ಒಣ ಹೊದಿಕೆಗೆ ಗೆದ್ದಲು ಬರುತ್ತದೆ. ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು, ಅದನ್ನು ಕುಂಡಗಳಿಗೆ ಹಾಕಬೇಡಿ, ಅಂಗಳ ತೊಳೆಯಲು ಬಳಸಿ. ಪಾತ್ರೆ ತೊಳೆದ ನೀರು ಬಾಳೆಗೆ ಸಾಕು, ಸೊಪ್ಪಿನ ಮಡಿಗೆ ಬೇಡ.

ಮಣ್ಣು, ನೀರಿನ ಪರೀಕ್ಷೆ ಬೇಕಿದ್ದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹಿರಿಯೂರಿನ ಬಬ್ಬೂರು ಫಾರಂನಲ್ಲಿದೆ. ತೋಟಗಾರಿಕೆ ಕಾಲೇಜು ಕೂಡ ಅಲ್ಲೇ ಇದೆ. ಹೋಗುವಾಗ ಹಳದಿಯಾದ ಎಲೆಯಿರುವ ಒಂದು ಕೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ, ಕುಂಡದ ಮಣ್ಣು ಅರ್ಧ ಕೆ.ಜಿ., ಬೋರ್‌ವೆಲ್ ನೀರು ಒಂದು ಬಾಟಲಿ ತೆಗೆದುಕೊಂಡು ಹೋಗಿ.